ಕಾಣಿಕೆ ತಪ್ಪು

ಒಂದು ಕಾಗದದಲ್ಲಿ ಎಷ್ಟು ತಪ್ಪುಗಳಿರಬೇಕು ಎಂಬುದು ಗಂಭೀರವಾಗಿ ಯೋಚಿಸಬೇಕಾದ ವಿಷಯ. ತಪ್ಪೇ ಇರಬಾರದು ಎಂದು ಥಟ್ಟನೆ ಹೇಳಿಬಿಡುವವರು ಯಾವತ್ತೂ ಕಚೇರಿಯಲ್ಲಿ ಕೆಲಸ ಮಾಡಿದವರಲ್ಲ. ನೀರೆತ್ತುವ ಪಂಪು ತಯಾರಿಸುವ ಕಂಪನಿಯೊಂದರ ನಮ್ಮ ಶಾಖೆಯಲ್ಲಿ ಹದಿನೆಂಟು ವರ್ಷದ ಅನುಭವದಿಂದ ಈ ಪ್ರಶ್ನೆಗೆ ಖಚಿತವಾದ ಉತ್ತರ ಕಂಡುಕೊಂಡಿದ್ದೆವು: ಒಂದು. ಎರಡಾದರೆ ಕಾಗದ ವಾಪಸು ಬರುತ್ತಿತ್ತು. ಒಂದೂ ಇಲ್ಲದಿದ್ದರೆ ಅದರ ಗತಿ ಇನ್ನೂ ಕೆಟ್ಟದಾಗುತ್ತಿತ್ತು.

ಇದಕ್ಕೆಲ್ಲ ಮೂಲ ಒಂದು ಬಕೆಟ್ಟು.

ಹಿಂದೊಬ್ಬ ಸಾಹೇಬರಿದ್ದರು. ಮೇಜಿನ ಖಾನೆಯಲ್ಲಿ ಇಂಗ್ಲಿಷ್ ನುಡಿಗಟ್ಟುಗಳ ಪುಸ್ತಕ ಇಟ್ಟುಕೊಂಡು ದಿನಕ್ಕೊಂದು ಬಾಯಿಪಾಠ ಮಾಡುತ್ತಿದ್ದರು. ಕಲಿತದ್ದನ್ನು ಸಂಜೆಯೊಳಗೆ ಎಲ್ಲಾದರೂ ಬಳಸದಿದ್ದರೆ ಅವರಿಗೆ ಊಟ ಸೇರುತ್ತಿರಲಿಲ್ಲ. ಮಳೆಗೆ ಲಾರಿ ತಡವಾದಾಗ ‘ಬೆಕ್ಕು ನಾಯಿಗಳು ಸುರಿದ ಕಾರಣ ಸರಕು ತಲುಪಿಲ್ಲ’ ಎಂದು ಬರೆದರು. ಹೆಡ್ಡಾಫೀಸು ಅದನ್ನು ಹೊಟ್ಟೆಗೆ ಹಾಕಿಕೊಂಡಿತು. ಆಮೇಲೆ ಕಂಪನಿಯ ಅಧ್ಯಕ್ಷರು ತೀರಿಕೊಂಡರು. ಇಂಗ್ಲಿಷಿನವರು ಸಾಯುವುದಕ್ಕೆ ಬಕೆಟ್ಟು ಒದೆಯುವುದು ಎನ್ನುತ್ತಾರೆಂದು ಪುಸ್ತಕದಲ್ಲಿತ್ತು. ಯಾರು ಸತ್ತಾಗ ಹಾಗೆನ್ನಬಹುದು, ಯಾರು ಸತ್ತಾಗ ಅನ್ನಬಾರದು ಎಂಬುದು ಪುಸ್ತಕದಲ್ಲಿರಲಿಲ್ಲ. ‘ನಮ್ಮ ಪೂಜ್ಯ ಅಧ್ಯಕ್ಷರು ಬಕೆಟ್ಟು ಒದ್ದರೆಂದು ತಿಳಿದು ಇಡೀ ಶಾಖೆ ಕಣ್ಣೀರಿಟ್ಟಿದೆ’ ಎಂದು ಸಾಹೇಬರು ಸಂತಾಪ ಸೂಚಿಸಿದರು. ವಾರ ತುಂಬುವುದರೊಳಗೆ ಅವರಿಗೆ ವರ್ಗವಾಯಿತು. ಅದರ ಬೆನ್ನಿಗೇ ಒಂದು ಆಜ್ಞೆಯೂ ಬಂತು: ಇಂಗ್ಲಿಷ್ ಬಲ್ಲವರೊಬ್ಬರು ತಿದ್ದದ ಯಾವ ಕಾಗದವೂ ಇನ್ನು ಮುಂದೆ ಈ ಶಾಖೆಯಿಂದ ಹೊರಡಕೂಡದು.

ಹಾಗೆ ಬಂದವರು ನಮ್ಮ ಮೇಷ್ಟ್ರು. ಅದಕ್ಕೆ ಮೊದಲು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಹೇಳಿಕೊಡುತ್ತಿದ್ದವರು. ಎದುರಿಗೆ ಮೇಷ್ಟ್ರೇ ಅನ್ನುತ್ತಿದ್ದೆವು, ಬೆನ್ನ ಹಿಂದೆ ಕೆಂಪಣ್ಣ. ಅವರ ಅಂಗಿಯ ಜೇಬಿನಲ್ಲಿ ಕೆಂಪು ಶಾಯಿಯ ಪೆನ್ನು, ಜೇಬಿನ ಕೆಳಗೆ ಪೆನ್ನು ಕಾರಿದ ಕಲೆ. ಕಪಾಟುಗಳ ಹಿಂದಿನ ಪುಟ್ಟ ಕೋಣೆಯಲ್ಲಿ, ಒಂದು ಕಾಲು ಗಿಡ್ಡವಾದ ಮೇಜಿನ ಮುಂದೆ ಅವರ ವಾಸ. ಅವರು ಮಾಡಿಕೊಂಡ ನಿಯಮ ಸರಳವಾಗಿತ್ತು. ಒಂದೇ ತಪ್ಪಿದ್ದರೆ ಕೆಂಪಿನಲ್ಲಿ ತಿದ್ದಿ, ತಿದ್ದಿದ ಜಾಗದ ಪಕ್ಕದಲ್ಲಿ ಚುಟುಕಾಗಿ ಸಹಿ ಹಾಕಿ ಕಳಿಸುವುದು. ಎರಡಿದ್ದರೆ ಪೂರ್ತಿ ಹೊಸದಾಗಿ ಟೈಪು. ತಪ್ಪೇ ಸಿಗದಿದ್ದರೆ ಏನು ಮಾಡಬೇಕೆಂದು ಅವರು ನಿಯಮ ಮಾಡಿರಲಿಲ್ಲ. ಅಂಥ ಕಾಗದವನ್ನು ಎದುರಿಗಿಟ್ಟುಕೊಂಡು ಮೂರು ದಿನ ಕೂರುತ್ತಿದ್ದರು. ನಾಲ್ಕನೇ ದಿನ ಒಂದು ಅಲ್ಪವಿರಾಮದ ಮೇಲೆ ಅನುಮಾನ ಬಂದು, ನಿಘಂಟು ತೆರೆದು, ಇನ್ನೆರಡು ದಿನ ಕಳೆಯುತ್ತಿತ್ತು.

ಈ ಸಂಕಟಕ್ಕೆ ಔಷಧ ಕಂಡುಹಿಡಿದವಳು ಟೈಪಿಸ್ಟು. ನಮಗೆಲ್ಲ ಅಕ್ಕ. ಕೆಲಸಕ್ಕೆ ಸೇರಿದ ಎರಡನೇ ತಿಂಗಳಲ್ಲೇ ಅವಳಿಗೆ ಗುಟ್ಟು ಹೊಳೆದಿತ್ತು: ಮನುಷ್ಯನಿಗೆ ಸಿಗಬೇಕಾದ್ದು ಮೊದಲ ಪ್ಯಾರಾದಲ್ಲೇ ಸಿಕ್ಕಿಬಿಟ್ಟರೆ ಮುಂದಕ್ಕೆ ಹುಡುಕುವುದಿಲ್ಲ. ಅಂದಿನಿಂದ ಪ್ರತಿ ಕಾಗದದ ಮೂರನೇ ಸಾಲಿನೊಳಗೆ ದಪ್ಪನೆಯ ಒಂದು ತಪ್ಪು ಇಡುತ್ತಾ ಬಂದಳು. ನಾವು ಅದನ್ನು ಕಾಣಿಕೆ ಅನ್ನುತ್ತಿದ್ದೆವು. ಅವಳ ಮೇಜಿನ ಗಾಜಿನ ಕೆಳಗೆ ಕಾಣಿಕೆಗಳ ಪಟ್ಟಿಯೇ ಇತ್ತು. ರಿಸೀವ್ ಪದದಲ್ಲಿ ಐ ಮುಂದೆ, ಇ ಹಿಂದೆ. ಸೆಪರೇಟ್ ನಡುವೆ ಎ ಇರಬೇಕಾದಲ್ಲಿ ಇ. ಕಳೆದುಕೊಳ್ಳುವ ಲೂಸ್‌ಗೆ ಸಡಿಲವಾಗುವ ಲೂಸ್‌ನ ಎರಡು ಓ. ಡಿಸ್ಕಸ್ ಆದಮೇಲೆ ಬೇಡದ ಒಂದು ಅಬೌಟ್. ರಿಟರ್ನ್ ಆದಮೇಲೆ ಇನ್ನೊಂದು ಬ್ಯಾಕ್. ಅಕಾಮಡೇಷನ್‌ನಲ್ಲಿ ಒಂದು ಎಮ್ ಕಡಿಮೆ. ಇದು ಮೇಷ್ಟ್ರಿಗೆ ಅತ್ಯಂತ ಪ್ರಿಯವಾದದ್ದು. ಪ್ರತಿ ಸಲವೂ ಕಾಗದ ಹಿಡಿದುಕೊಂಡು ಹೊರಗೆ ಬಂದು, “ಎರಡು ಸಿ, ಎರಡು ಎಮ್ ಕಣಮ್ಮ. ವಸತಿ ಅಂದಮೇಲೆ ಜೋಡಿ ಮಂಚ ಬೇಡ್ವಾ?” ಅನ್ನುತ್ತಿದ್ದರು. ನಾವು ಪ್ರತಿ ಸಲವೂ ನಗುತ್ತಿದ್ದೆವು. ಅದೂ ಕಾಣಿಕೆಯ ಭಾಗವೇ.

ತಿದ್ದಿದ ಕಾಗದಗಳು ಮೆಟ್ಟಿಲ ಬಳಿಯ ಮೇಜಿಗೆ ಹೋಗುತ್ತಿದ್ದವು. ಅಲ್ಲಿ ಟಪಾಲಣ್ಣ. ಕವರಿಗೆ ಹಾಕಿ, ಅಂಟಿಸಿ, ದಿನಾ ನಾಲ್ಕು ಗಂಟೆಗೆ ಚೀಲ ಹೊತ್ತು ಅಂಚೆ ಕಚೇರಿಗೆ ಹೋಗುವುದು ಅವನ ಕೆಲಸ. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ; ಎರಡೂ ಕಣ್ಣಿಗೆ ಪೊರೆ ಬಂದಮೇಲೆ ಯಾವ ಭಾಷೆಯೂ ಅಷ್ಟಾಗಿ ಬರುತ್ತಿರಲಿಲ್ಲ. ಆದರೆ ಕೆಂಪು ಕಾಣುತ್ತಿತ್ತು. ಕೆಂಪಿದ್ದದ್ದು ಕವರಿಗೆ. ಕೆಂಪಿಲ್ಲದ್ದು ಮೇಷ್ಟ್ರು ಇನ್ನೂ ನೋಡದ್ದು. ಅದಕ್ಕೆಂದು ಒಂದು ಮರದ ತಟ್ಟೆ, ತಟ್ಟೆ ಸೋಮವಾರ ಮೇಷ್ಟ್ರ ಕೋಣೆಗೆ. ಕಾಣಿಕೆಯ ಪದ್ಧತಿ ಬಂದಮೇಲೆ ಆ ತಟ್ಟೆಗೆ ಕೆಲಸವೇ ಇರಲಿಲ್ಲ. ಟಪಾಲಣ್ಣ ಅದರಲ್ಲಿ ಊಟದ ಡಬ್ಬಿ ಇಡುತ್ತಿದ್ದ.

ಅಕ್ಕನಿಗೆ ಒಬ್ಬಳೇ ಮಗಳು, ಏಳು ವರ್ಷದವಳು. ಹುಟ್ಟಿದಾಗಿನಿಂದ ಕಿವಿ ಕೇಳದು, ಹಾಗಾಗಿ ಮಾತೂ ಇಲ್ಲ. ಅದು ಗೊತ್ತಾದ ವರ್ಷವೇ ಮಗುವಿನ ಅಪ್ಪನಿಗೆ ಬಹಳ ದೂರದಲ್ಲಿ ಒಳ್ಳೆಯ ಕೆಲಸ ಸಿಕ್ಕಿತ್ತು. ಎಷ್ಟು ದೂರವೆಂದರೆ ಅಲ್ಲಿಂದ ಒಂದು ಕಾಗದವೂ ಬರುತ್ತಿರಲಿಲ್ಲ. ಅಮ್ಮ, ಮಗಳು, ಮಗುವಿನ ಅಜ್ಜಿ ಮೂವರು ತಮ್ಮಲ್ಲೇ ಒಂದಷ್ಟು ಕೈಸನ್ನೆ ಮಾಡಿಕೊಂಡಿದ್ದರು. ಹಾಲು, ನಿದ್ದೆ, ಹೊಟ್ಟೆನೋವು, ಅಜ್ಜಿ ಗೊರಕೆ ಹೊಡೆಯುತ್ತಾಳೆ, ಹೀಗೆ ನಲವತ್ತೋ ಐವತ್ತೋ. ಮನೆಯ ಬಾಗಿಲು ದಾಟಿದರೆ ಅವು ಯಾರಿಗೂ ಅರ್ಥವಾಗುತ್ತಿರಲಿಲ್ಲ. ಒಮ್ಮೆ ಅಜ್ಜಿಗೆ ಜ್ವರ ಬಂದು ಅಕ್ಕ ಮಗುವನ್ನು ಕಚೇರಿಗೆ ಕರೆತಂದಿದ್ದಳು. ಮೇಷ್ಟ್ರು ಅದರ ಎದುರು ಕುಕ್ಕರುಗಾಲಲ್ಲಿ ಕೂತು, “ತಪ್ಪು ಅನ್ನೋದಕ್ಕೆ ಇವಳು ಏನು ಮಾಡ್ತಾಳೆ, ಕೇಳಮ್ಮ” ಅಂದರು. ಅಕ್ಕ ಕೇಳಿದಳು. ಮಗು ಒಂದು ಅಂಗೈಯಿಂದ ಇನ್ನೊಂದು ಅಂಗೈ ಒರೆಸಿ, ಕೈ ಕೊಡವಿತು. ಮೇಷ್ಟ್ರು ತಾವೂ ಹಾಗೇ ಮಾಡಿ ನೋಡಿದರು. “ಇಷ್ಟೇನಾ? ನಾನು ಇದಕ್ಕೆ ಹದಿನೆಂಟು ವರ್ಷ ತಗೊಂಡೆನಲ್ಲ” ಅಂದರು.

ಇಂಥ ಮಕ್ಕಳಿಗೆ ಭಾಷೆ ಕಲಿಸುವ ಶಾಲೆ ಇದ್ದದ್ದು ನಮ್ಮ ಕಂಪನಿಯ ಇನ್ನೊಂದು ಶಾಖೆ ಇರುವ ನಗರದಲ್ಲಿ. ಹಾಸ್ಟೆಲ್ಲಿಲ್ಲ, ಮಗು ಮನೆಯಿಂದಲೇ ಬರಬೇಕು. ಎಂಟು ತುಂಬಿದ ಮೇಲೆ ಹೊಸದಾಗಿ ಸೇರಿಸಿಕೊಳ್ಳುವುದಿಲ್ಲ. ಎರಡು ವರ್ಷ ಕಾದಮೇಲೆ ಅಕ್ಕನಿಗೆ ಸೀಟು ಸಿಕ್ಕ ಪತ್ರ ಬಂತು. ಮಗುವಿಗೆ ಎಂಟು ತುಂಬಲು ಎರಡು ತಿಂಗಳಿತ್ತು. ಅದೇ ವಾರ ಆ ಶಾಖೆಯ ಟೈಪಿಸ್ಟು ಕೆಲಸ ಬಿಟ್ಟಳೆಂದು ಸುತ್ತೋಲೆ ಬಂತು: ವರ್ಗ ಬೇಕಾದವರ ಅರ್ಜಿ ಬರುವ ತಿಂಗಳು ಹದಿನೈದರೊಳಗೆ ಹೆಡ್ಡಾಫೀಸಿನಲ್ಲಿರಬೇಕು, ಶಾಖೆಯ ಟಪಾಲಿನ ಮೂಲಕವೇ ಬರಬೇಕು, ನೇರವಾಗಿ ಬಂದದ್ದನ್ನು ತೆರೆಯುವುದಿಲ್ಲ. ಕೆಲಸ ಬಿಟ್ಟು ಹೋಗುವಂತಿರಲಿಲ್ಲ. ಮೂರು ಹೊಟ್ಟೆಗೆ ಅವಳ ಸಂಬಳ ಒಂದೇ. ಅಂತೂ ದಾರಿ ಎನ್ನುವುದು ಒಂದಿತ್ತು, ಅದು ಕಪಾಟಿನ ಹಿಂದಿನ ಕೋಣೆಯ ಮೂಲಕ ಹಾದು ಹೋಗುತ್ತಿತ್ತು.

ತಿಂಗಳ ಮೂವತ್ತನೇ ತಾರೀಕು ಅಕ್ಕ ಅರ್ಜಿ ಹಿಡಿದು ಮೇಷ್ಟ್ರ ಕೋಣೆಗೆ ಹೋದಳು. ಮಾರನೇ ದಿನ ಮೇಷ್ಟ್ರಿಗೆ ನಿವೃತ್ತಿ. ಕಪಾಟುಗಳ ಈಚೆ ನಾವು ನಾಲ್ಕು ಜನ ಕಡತ ತೆರೆದಿಟ್ಟುಕೊಂಡು ಕಿವಿಯನ್ನು ಆಚೆಗೆ ಕಳಿಸಿದ್ದೆವು.

“ಕೂತ್ಕೋಮ್ಮ.”

“ಪರವಾಗಿಲ್ಲ ಸರ್, ನಿಂತಿರ್ತೀನಿ.”

“ನೀನು ನಿಂತ್ಕೊಂಡ್ರೆ ನಾನು ಪರೀಕ್ಷೆ ಬರೆಯೋ ಹಾಗಾಗುತ್ತೆ. ಕೂತ್ಕೋ.” ಕುರ್ಚಿ ಎಳೆದ ಸದ್ದು. ಆಮೇಲೆ ಕಾಗದ ಬಿಚ್ಚಿದ ಸದ್ದು. “ರಿಸೀವ್” ಅಂದರು ಮೇಷ್ಟ್ರು.

“ಅಯ್ಯೋ, ಹೌದಲ್ವಾ. ತಿದ್ದಿಬಿಡಿ ಸರ್.”

“ಈ ವರ್ಷ ಇದು ಎಷ್ಟನೇ ರಿಸೀವ್?”

“ನೆನಪಿಲ್ಲ ಸರ್.”

“ಹದಿನಾಲ್ಕನೇದು. ಸೆಪರೇಟ್ ಒಂಬತ್ತು. ಅಕಾಮಡೇಷನ್ ನನ್ನನ್ನ ನಗಿಸೋಕೆ ಅಂತ ತಿಂಗಳಿಗೊಂದು. ಗಾಜಿನ ಕೆಳಗೆ ಪಟ್ಟಿ ಇಟ್ಕೊಂಡಿದ್ದೀಯ. ದಿನಕ್ಕೆರಡು ಸಲ ಅದರ ಪಕ್ಕದಲ್ಲೇ ಟೀ ಕುಡಿಯೋಕೆ ಹೋಗ್ತೀನಿ. ನನಗೆ ಕಣ್ಣಿಲ್ಲ ಅಂದ್ಕೊಂಡ್ಯಾ?”

ಈಚೆ ನಾವು ಕಡತದ ಹಾಳೆ ಮಗುಚುವುದನ್ನೂ ನಿಲ್ಲಿಸಿದೆವು.

“ಬೇಜಾರಾಯ್ತಾ ಸರ್?”

“ಬೇಜಾರು ಯಾಕೆ? ನನಗೂ ಅನುಕೂಲವೇ ಆಗಿತ್ತು. ತಪ್ಪೇ ಸಿಗ್ತಿಲ್ಲ ಅಂತಾಗಿದ್ರೆ ಈ ಮುದುಕ ಇಲ್ಲಿ ಯಾಕೆ ಅಂತ ಯಾರಾದ್ರೂ ಕೇಳೋರು. ನೀನು ಹಾಕಿದೆ, ನಾನು ಉಂಡೆ, ಬಿಡು.” ಪೆನ್ನಿನ ಮುಚ್ಚಳ ಹಾಕಿದ ಸದ್ದು. “ಆದ್ರೆ ಇದು ಪಂಪಿನ ಕಾಗದ ಅಲ್ಲ. ಮಗುವಿನ ಕಾಗದ. ಇದರ ಮೇಲೆ ನಾನು ಗೀಚಲ್ಲ. ಹೆಡ್ಡಾಫೀಸಿನವನು ಇದನ್ನ ತೆಗೆದಾಗ ಕೊಳೆ ಕೈಯಲ್ಲಿ ಮುಟ್ಟೋಕೆ ಅವನಿಗೆ ನಾಚಿಕೆ ಆಗಬೇಕು. ಕಾಣಿಕೆ ತೆಗೆದು ಹೊಸದಾಗಿ ಟೈಪ್ ಮಾಡ್ಕೊಂಡು ಬಾ.”

ಅವಳು ಟೈಪು ಮಾಡಿದಳು. ಆ ಯಂತ್ರದಿಂದ ಅಷ್ಟು ನಿಧಾನವಾದ ಸದ್ದು ನಾವು ಕೇಳಿರಲಿಲ್ಲ. ಒಂದೊಂದು ಅಕ್ಷರವನ್ನೂ ಒತ್ತುವ ಮೊದಲು ಕೇಳಿ ಒತ್ತುತ್ತಿರುವ ಹಾಗಿತ್ತು. ಮೇಷ್ಟ್ರು ಅದನ್ನು ಮೂರು ಸಲ ಓದಿದರು, ಮೂರು ದಿನ ಅಲ್ಲ. ಸಹಿ ಹಾಕಲು ಪೆನ್ನು ತೆಗೆದು ಮತ್ತೆ ಜೇಬಿಗಿಟ್ಟರು.

“ಸಹಿ ಬೇಡ್ವಾ ಸರ್?”

“ತಿದ್ದಿದ ಕಡೆ ಸಹಿ. ತಿದ್ದಿಲ್ಲದ ಮೇಲೆ ಎಲ್ಲಿ ಹಾಕಲಿ? ನಾನೇ ಟಪಾಲಿಗೆ ಇಟ್ಟು ಬರ್ತೀನಿ. ನೀನು ಮನೆಗೆ ಹೋಗಿ ಗಂಟುಮೂಟೆ ಕಟ್ಟೋಕೆ ಶುರು ಮಾಡು. ಇಂಗ್ಲಿಷಿನವರು ನಾಟಕಕ್ಕೆ ಹೊರಟವರಿಗೆ ಕಾಲು ಮುರ್ಕೋ ಅಂತ ಹಾರೈಸ್ತಾರೆ. ಶುಭ ಕೋರೋದು ಅದು. ನಾನು ಅಷ್ಟು ದೂರ ಹೋಗಲ್ಲ. ಒಳ್ಳೇದಾಗಲಿ.”

ಅಕ್ಕ ನಗುವುದನ್ನು ನಾವು ಕೇಳಿದ್ದು ಅಪರೂಪ. ಅವತ್ತು ಕೇಳಿಸಿತು.

ಮೇಷ್ಟ್ರು ಕಾಗದವನ್ನು ಎರಡೂ ಅಂಗೈ ಮೇಲೆ ಇಟ್ಟುಕೊಂಡು ಮೆಟ್ಟಿಲ ಬಳಿ ಹೋದರು. ನಾಲ್ಕೂಕಾಲು. ಟಪಾಲಣ್ಣ ಚೀಲದ ಜೊತೆ ಅಂಚೆ ಕಚೇರಿಗೆ ಹೋಗಿಯಾಗಿತ್ತು. ಕಾಗದವನ್ನು ಅವನ ಮೇಜಿನ ಮೇಲಿಟ್ಟು, ಗಾಜಿನ ಗುಂಡು ಹೇರಿ, ಗಾಳಿಗೆ ಹಾರುವುದಿಲ್ಲವೆಂದು ಖಾತ್ರಿ ಮಾಡಿಕೊಂಡು ಬಂದರು.

ಮಾರನೇ ದಿನ ಬೀಳ್ಕೊಡುಗೆ. ನಾವು ಯೋಚಿಸಿ ಯೋಚಿಸಿ ಅವರಿಗೆ ಒಂದು ಕೆಂಪು ಪೆನ್ನು ಕೊಟ್ಟೆವು. ಈಗಿನ ಸಾಹೇಬರು ಭಾಷಣದಲ್ಲಿ ಮೇಷ್ಟ್ರನ್ನು ಬಿಳಿ ಆನೆ ಎಂದು ಹೊಗಳಿದರು. ಹಳೆಯ ಸಾಹೇಬರ ಪುಸ್ತಕ ಇನ್ನೂ ಅದೇ ಖಾನೆಯಲ್ಲಿತ್ತೆಂದು ಕಾಣುತ್ತದೆ. ಸಾಕುವ ಖರ್ಚೇ ಹೊರತು ಉಪಯೋಗವಿಲ್ಲದ್ದಕ್ಕೆ ಹಾಗೆನ್ನುತ್ತಾರೆಂಬ ಸಾಲಿನವರೆಗೆ ಅವರು ಓದಿರಲಿಲ್ಲ. ಮೇಷ್ಟ್ರು ತಿದ್ದಲಿಲ್ಲ. ಕೈಮುಗಿದು ಹೊರಟುಹೋದರು.

ಅದೇ ಹೊತ್ತಿಗೆ ಟಪಾಲಣ್ಣ ತನ್ನ ಮೇಜಿನ ಮೇಲಿದ್ದ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದ. ತಿರುಗಿಸಿ ಬೆನ್ನ ಕಡೆಯೂ ನೋಡಿದ. ಎಲ್ಲೂ ಕೆಂಪಿರಲಿಲ್ಲ. ಊಟದ ಡಬ್ಬಿಯನ್ನು ತಟ್ಟೆಯಿಂದ ತೆಗೆದು ನೆಲಕ್ಕಿಟ್ಟು, ಕಾಗದವನ್ನು ತಟ್ಟೆಗೆ ಹಾಕಿದ. ಸೋಮವಾರ ನಿಯಮದಂತೆ ತಟ್ಟೆಯನ್ನು ಮೇಷ್ಟ್ರ ಕೋಣೆಯ ಮೇಜಿನ ಮೇಲಿಟ್ಟ. ಹೊಸಬರು ಬರುವತನಕ ಧೂಳು ಬೀಳದಿರಲೆಂದು ತನ್ನ ಟವೆಲ್ಲು ಹೊದಿಸಿ, ಬಾಗಿಲ ಚಿಲಕ ಹಾಕಿದ. ಅಷ್ಟು ಕಾಳಜಿಯಿಂದ ಆ ಕಚೇರಿಯಲ್ಲಿ ಯಾವ ಕಾಗದವನ್ನೂ ಯಾರೂ ನೋಡಿಕೊಂಡಿರಲಿಲ್ಲ.

ಹೊಸಬರು ಬರಲಿಲ್ಲ. ಅವರ ಬದಲು ಸಾಹೇಬರೇ ಕೆಂಪು ಪೆನ್ನು ಹಿಡಿದರು. ಓದುವ ಗೋಜಿಗೆ ಹೋಗದೆ ಪ್ರತಿ ಕಾಗದದ ನೆತ್ತಿಯ ಮೇಲೂ ಒಂದು ಗೀಟು ಎಳೆದರು, ಟಪಾಲು ಹಿಂದೆಂದಿಗಿಂತ ಸಲೀಸಾಗಿ ಹೋಗತೊಡಗಿತು. ಅಕ್ಕ ಅಭ್ಯಾಸಬಲದಿಂದ ಕಾಣಿಕೆ ಇಡುತ್ತಲೇ ಇದ್ದಳು. ಅವೆಲ್ಲ ಹಾಗೇ ಹೆಡ್ಡಾಫೀಸಿಗೆ ಹೋದವು. ಯಾರೂ ಏನೂ ಅನ್ನಲಿಲ್ಲ.

ಎಂಟನೇ ತಾರೀಕು ಊಟದ ಹೊತ್ತಿನಲ್ಲಿ ಅವಳು ಮೆಟ್ಟಿಲ ಬಳಿ ಹೋಗಿ ಕೇಳಿದಳು.

“ಅಣ್ಣ, ನನ್ನ ಕಾಗದ ಹೋಯ್ತಲ್ವಾ?”

“ಯಾವುದಮ್ಮ?”

“ವರ್ಗದ ಅರ್ಜಿ. ಮೇಷ್ಟ್ರು ಹೋಗೋಕೆ ಮುಂಚೆ ನೋಡಿದ್ರಲ್ಲ, ಅದು.”

“ಮೇಷ್ಟ್ರು ನೋಡಿದ್ದು ಒಂದನ್ನೂ ನಾನು ಉಳಿಸಿಕೊಂಡಿಲ್ಲ. ಎಲ್ಲಾ ಹೋಗಿದೆ.”

“ಸದ್ಯ.”

“ನಗರಕ್ಕೆ ಹೋದಮೇಲೆ ನಮ್ಮನ್ನೆಲ್ಲ ಮರೀತೀಯ ಬಿಡು.”

“ನಿನ್ನನ್ನ ಹೇಗೆ ಮರೀಲಿ ಅಣ್ಣ? ನಿನ್ನ ಡಬ್ಬಿ ವಾಸನೆ ಅಲ್ಲಿವರೆಗೂ ಬರುತ್ತೆ.”

ಇಬ್ಬರೂ ನಕ್ಕರು. ಅವನು ಸುಳ್ಳು ಹೇಳಿರಲಿಲ್ಲ. ಹೊರಟ ಕಾಗದಗಳನ್ನು ಅವನು ಬರೆದಿಡುತ್ತಿದ್ದ ರಿಜಿಸ್ಟರನ್ನು ಅವಳು ತೆರೆದು ನೋಡಬಹುದಿತ್ತು. ಆದರೆ ಆ ರಿಜಿಸ್ಟರು ನೋಡಿದವರನ್ನು ಟಪಾಲಣ್ಣ ತಿಂಗಳುಗಟ್ಟಲೆ ಮಾತನಾಡಿಸುತ್ತಿರಲಿಲ್ಲ, ಅದು ಎಲ್ಲರಿಗೂ ಗೊತ್ತಿತ್ತು. ಅವಳು ಮನೆಗೆ ಹೋಗಿ ಪಾತ್ರೆಗಳನ್ನು ರಟ್ಟಿನ ಡಬ್ಬಕ್ಕೆ ತುಂಬಿದಳು. ಮಗಳಿಗೆ ಶಾಲೆ ಅನ್ನುವುದಕ್ಕೆ ಸನ್ನೆ ಇರಲಿಲ್ಲ. ಒಂದು ಹೊಸದು ಮಾಡಿಕೊಂಡರಂತೆ.

ಇಪ್ಪತ್ತೆರಡಕ್ಕೆ ವರ್ಗದ ಪಟ್ಟಿ ಬಂತು. ಆ ಶಾಖೆಗೆ ಬೇರೆ ಯಾರದೋ ಹೆಸರು. ಸಾಹೇಬರು ಹೆಡ್ಡಾಫೀಸಿಗೆ ಫೋನು ಮಾಡಿದರು. ಹತ್ತು ನಿಮಿಷ ಹಿಡಿದುಕೊಂಡು ಕೂತಮೇಲೆ ಅತ್ತ ಕಡೆಯಿಂದ, ನಿಮ್ಮ ಶಾಖೆಯಿಂದ ಅರ್ಜಿಯೇ ಬಂದಿಲ್ಲ ಎಂದರು. ಅಕ್ಕ ಸಾಹೇಬರ ಕೋಣೆಯಿಂದ ಬಂದವಳು ಯಾರ ಮುಖವನ್ನೂ ನೋಡದೆ ನೇರವಾಗಿ ಕಪಾಟಿನ ಹಿಂದಕ್ಕೆ ಹೋದಳು. ಹೇಗೆ ಹೊಳೆಯಿತೋ ಗೊತ್ತಿಲ್ಲ. ಚಿಲಕ ತೆಗೆದು, ಟವೆಲ್ಲು ಸರಿಸಿದಳು. ಟಪಾಲಣ್ಣ ಹಿಂದೆಯೇ ಹೋದ.

“ಅಣ್ಣ, ಇದು.”

“ಕೆಂಪಿಲ್ಲಮ್ಮ ಅದರಲ್ಲಿ.”

“ಮೇಷ್ಟ್ರು ನೋಡಿದ್ರು.”

“ನೋಡಿದ್ರೆ ಕೆಂಪಿರಬೇಕಲ್ಲ? ಇಷ್ಟು ವರ್ಷದಲ್ಲಿ ಅವರು ಕೆಂಪು ಮುಟ್ಟಿಸದೆ ಕಳಿಸಿದ್ದು ಒಂದಿದೆಯಾ, ನೀನೇ ಹೇಳು.”

ಅವಳು ಸ್ವಲ್ಪ ಹೊತ್ತು ನಿಜಕ್ಕೂ ಯೋಚಿಸಿದಳು.

“ಇಲ್ಲ” ಅಂದಳು.

“ಒಂದು ಮಾತು ನನಗೆ ಹೇಳಿದ್ರೆ ಆಗ್ತಿತ್ತು.”

“ಹೌದು ಅಣ್ಣ.”

ಅವನು ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ, ಮತ್ತೆ ತೆಗೆದು ಕೈಯಲ್ಲಿ ಹಿಡಿದುಕೊಂಡ. ಅವತ್ತು ಅವನು ಊಟ ಮಾಡಲಿಲ್ಲ. ಡಬ್ಬಿ ನೆಲದ ಮೇಲೇ ಇತ್ತು.

ಸಾಹೇಬರು ಒಳ್ಳೆಯವರು. ಅದೇ ದಿನ ಅರ್ಜಿಯ ಜೊತೆ ತಮ್ಮ ಕೈಬರಹದ ವಿವರಣೆ ಇಟ್ಟು, ಎರಡರ ಮೇಲೂ ಕೆಂಪು ಗೀಟೆಳೆದು ಕಳಿಸಿದರು. ಒಂಬತ್ತನೇ ದಿನ ಉತ್ತರ ಬಂತು. ಮೂರೇ ಸಾಲು. ಸಾಹೇಬರು ಓದಿ, ಎಲ್ಲರನ್ನೂ ಕರೆದರು.

“ಇದರಲ್ಲಿ ಯಾವುದೋ ಹಡಗು ಹೊರಟಿದೆ ಅಂತ ಬರೆದಿದ್ದಾರೆ.”

“ಹಡಗಾ?”

“ಹಡಗೇ. ಆ ಹಡಗು ಈಗಾಗಲೇ ಹೊರಟಾಗಿದೆ, ವಿಷಾದಿಸುತ್ತೇವೆ, ಅಂತ. ನಾವು ಹಡಗಿಗೆ ಪಂಪು ಕಳಿಸಿದ್ವಾ?”

ಕಳಿಸಿರಲಿಲ್ಲ. ಟಪಾಲಣ್ಣ ಕಾಗದವನ್ನು ಕಣ್ಣಿಗೊತ್ತಿ ಹಿಡಿದು, “ಇದು ಬೇರೆ ಯಾವುದೋ ಆಫೀಸಿಗೆ ಹೋಗಬೇಕಾದ್ದು ಸಾರ್. ಕವರು ಅದಲುಬದಲಾಗಿದೆ. ನಮ್ಮದು ಇನ್ನೂ ಬರಬೇಕು” ಅಂದ. ಅವನು ಮಾತನಾಡಿದ್ದು ಒಂಬತ್ತು ದಿನದ ಮೇಲೆ. ಸಾಹೇಬರು ಖಾನೆಯಿಂದ ಪುಸ್ತಕ ತೆಗೆದರು; ಹಡಗಿನ ಪುಟವನ್ನು ಗೆದ್ದಲು ತಿಂದಿತ್ತು. ಹಾಗಾಗಿ ಅವನ ಮಾತೇ ಸರಿಯಿರಬಹುದೆಂದು ಎಲ್ಲರಿಗೂ ಅನ್ನಿಸಿತು. ಅಕ್ಕ ಕೂಡ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಅರ್ಧ ಗಂಟೆ ನಮ್ಮ ಕಚೇರಿ ಬಹಳ ಗೆಲುವಾಗಿತ್ತು. ಕವರು ಬದಲಾಯಿಸಿದ ಗುಮಾಸ್ತ ಯಾರಿರಬಹುದು, ಅವನಿಗೆ ಎಷ್ಟು ಬೈಗುಳ ಬಿದ್ದಿರಬಹುದು ಎಂದು ಮಾತಾಡಿಕೊಂಡೆವು.

ಅಷ್ಟರಲ್ಲಿ ಪಿಂಚಣಿಯ ಕಾಗದಕ್ಕೆ ಸಹಿ ಹಾಕಲು ಮೇಷ್ಟ್ರು ಬಂದರು. ಅವರಿಗೆ ಏನೂ ಗೊತ್ತಿರಲಿಲ್ಲ. “ಏನಮ್ಮ, ಇನ್ನೂ ಇಲ್ಲೇ ಇದ್ದೀಯ? ಶಾಲೆ ಶುರುವಾಗಿಲ್ವಾ?” ಎಂದು ನಗುತ್ತಾ ಕೇಳಿದರು. ನಾವೆಲ್ಲ ನೆಲ ನೋಡಿದೆವು. ಅಕ್ಕ ಆ ಮೂರು ಸಾಲಿನ ಕಾಗದ ಕೊಟ್ಟಳು.

“ಇದರಲ್ಲಿ ಹಡಗು ಅಂದ್ರೆ ಏನು ಸರ್?”

ಮೇಷ್ಟ್ರು ಓದಿದರು. ಆಮೇಲೆ ಅವಳನ್ನು, ಟಪಾಲಣ್ಣನನ್ನು, ಅವನ ಮೇಜಿನ ಮೇಲಿದ್ದ ಬರಿದಾದ ತಟ್ಟೆಯನ್ನು ನೋಡಿದರು. ಟಪಾಲಣ್ಣ, “ಕೆಂಪಿರಲಿಲ್ಲ ಮೇಷ್ಟ್ರೇ” ಅಂದ. ಅಷ್ಟರಲ್ಲೇ ಅವರಿಗೆ ಎಲ್ಲವೂ ತಿಳಿಯಿತು.

“ಹಡಗು ಅಂತ ಏನೂ ಇಲ್ಲಮ್ಮ” ಅಂದರು. “ಕಾಲ ಮಿಂಚಿದೆ, ಇನ್ನು ಆಗಲ್ಲ ಅನ್ನೋದಕ್ಕೆ ಅವರು ಹಾಗಂತಾರೆ.”

“ಅಷ್ಟೇನಾ ಸರ್?”

“ಅಷ್ಟೇ.”

ಅವರು ಒಂದು ಅಂಗೈಯಿಂದ ಇನ್ನೊಂದು ಅಂಗೈ ಒರೆಸಿದರು. ಕೈ ಕೊಡವುವಷ್ಟು ಮುಂದೆ ಹೋಗಲಿಲ್ಲ. ಅಕ್ಕ ಅದನ್ನು ನೋಡಿದಳೋ ಇಲ್ಲವೋ ಹೇಳುವುದು ಕಷ್ಟ; ಅವಳಾಗಲೇ ಟೈಪು ಯಂತ್ರಕ್ಕೆ ಹಾಳೆ ಸೇರಿಸುತ್ತಿದ್ದಳು. ಹೆಡ್ಡಾಫೀಸಿನಿಂದ ಬಂದ ಪ್ರತಿ ಕಾಗದಕ್ಕೂ, ತಲುಪಿದೆ ಎಂದು ಅದೇ ದಿನ ಉತ್ತರ ಹೋಗಬೇಕು. ನಿಮ್ಮ ಪತ್ರ ತಲುಪಿದೆ, ವಂದನೆಗಳು. ಎರಡನೇ ಸಾಲಿನಲ್ಲಿ ಐ ಮುಂದೆ ಬಂತು, ಇ ಹಿಂದೆ. ಸಾಹೇಬರು ನೆತ್ತಿಯ ಮೇಲೆ ಗೀಟೆಳೆದರು. ಟಪಾಲಣ್ಣ ಅದನ್ನು ಕಣ್ಣಿನ ಹತ್ತಿರ ಹಿಡಿದು ಕೆಂಪು ನೋಡಿದ, ಕವರಿಗೆ ಹಾಕಿದ, ನಾಲ್ಕು ಗಂಟೆಗೆ ಚೀಲ ಹೊತ್ತು ಹೋದ.

ಮುಂದಿನ ತಿಂಗಳು ಮಗುವಿಗೆ ಎಂಟು ತುಂಬಿತು. ಸೀಟು ಬೇರೆ ಮಗುವಿಗೆ ಹೋಯಿತು.